ಬ್ಯಾಗು ಕಾಯಲು ಮಂಗಳೂರಿಗೆ

ಶುಕ್ರವಾರ ಬೆಳಿಗ್ಗೆ ಐದು ಹತ್ತಕ್ಕೆ ದೊಡ್ಡಮ್ಮನ ಊರಿನಿಂದ ಹೊರಟೆವು. ಹೊರಡಬೇಕಾಗಿದ್ದು ಐದಕ್ಕೆ. ಆ ಹತ್ತು ನಿಮಿಷದಲ್ಲಿ ದೊಡ್ಡಮ್ಮ ದೊಡ್ಡಿಯ ಕುರಿಗಳನ್ನು ಪಕ್ಕದ ಮನೆಯ ರುದ್ರಮ್ಮನ ಎದುರಿಗೇ ಎಣಿಸಿ ಒಪ್ಪಿಸಿದಳು. ನಲವತ್ತೊಂದು. "ನಿನ್ನಿಂದ ಹತ್ತು ನಿಮಿಷ ತಡ ಆತು" ಎಂದು ದೊಡ್ಡಪ್ಪ ಆನಂದಪುರದಲ್ಲಿ ಒಮ್ಮೆ, ತೀರ್ಥಹಳ್ಳಿಯಲ್ಲಿ ಒಮ್ಮೆ, ಆಗುಂಬೆಯ ತಿರುವುಗಳಲ್ಲಿ ಎರಡು ಸಲ ಹೇಳಿದರು. ದಿನಾಂಕ, ದೂರ, ಊಟ ಬರೆಯುವುದು ನನಗೆ ಮೊದಲಿನಿಂದಲೂ ಅಭ್ಯಾಸ. ಈ ಸಲ ಯಾರು ಯಾರಿಗಾಗಿ ಎಷ್ಟು ನಿಮಿಷ ಕಾದರು ಎಂಬುದನ್ನೂ ಬರೆಯಬೇಕೆಂದು ಆ ಘಟ್ಟದಲ್ಲೇ ತೀರ್ಮಾನಿಸಿದೆ.

ನಮ್ಮ ದೊಡ್ಡಮ್ಮ ಹಾಲಮ್ಮ ಸಮುದ್ರ ನೋಡಿರಲಿಲ್ಲ. ಸೊರಬದ ಕಡೆಯಿಂದ ಅಂಬ್ಲಿಗೊಳ ಜಲಾಶಯದ ಹಿನ್ನೀರಿನ ಪಕ್ಕದ ಈ ಊರಿಗೆ ಮದುವೆಯಾಗಿ ಬಂದು ಮೂವತ್ತೊಂದು ವರ್ಷ. ಮನೆಯವರು ಎಲ್ಲಿಗೆ ಹೊರಟರೂ ಕುರಿ ನೋಡಿಕೊಳ್ಳಲು ಒಬ್ಬರು ಉಳಿಯಬೇಕು. ಆ ಒಬ್ಬರು ಯಾವಾಗಲೂ ಅವಳೇ. ದೊಡ್ಡಪ್ಪನೂ ಅವರ ಮಗ ಮಂಜಣ್ಣನೂ ಗೋಕರ್ಣ, ಮುರ್ಡೇಶ್ವರ ಎಲ್ಲ ನೋಡಿ ಬಂದವರು. ಈ ವರ್ಷ ಮಂಜಣ್ಣ ಹಳೆಯ ಜೀಪೊಂದನ್ನು ಕೊಂಡ. ನಾನು ಶಿಕಾರಿಪುರದಿಂದ ಬಸ್ಸು ಹತ್ತಿ ಹೋಗಿ, ಕುರಿ ನೋಡಿಕೊಳ್ಳಲು ರುದ್ರಮ್ಮನನ್ನು ಬೇಡಿಕೊಂಡೆ; ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಅವಳು ಒಪ್ಪಿದಳು. "ಎರಡು ರಾತ್ರಿ ಅಷ್ಟೇ ಕಣವ್ವ. ಭಾನುವಾರ ದೀಪ ಹಚ್ಚೋ ಹೊತ್ತಿಗೆ ಬಂದುಬಿಡ್ರಿ. ಸೋಮವಾರ ನಾನು ಮಗಳ ಮನೀಗೆ ಹೊಂಟೀನಿ."

"ನಿಂಗೆ ಮಂಗಳೂರಲ್ಲಿ ಏನೇನು ನೋಡ್ಬೇಕು?" ಎಂದು ದೊಡ್ಡಮ್ಮನನ್ನು ಕೇಳಿದ್ದೆ.

"ಮೊಣಕಾಲು ಮಟ ನೀರಲ್ಲಿ ನಿಂತ್ರೆ ಸಾಕು. ತೆರೆ ಬಂದು ಕಾಲಿಗೆ ಹೊಡೀತೈತಂತಲ್ಲ ಸವಿತಾ, ಅದು."

ಮಧ್ಯಾಹ್ನ ಹನ್ನೆರಡೂವರೆಗೆ ಮಂಗಳೂರು ಮುಟ್ಟಿದೆವು. ದಾರಿ ತಪ್ಪಿದ್ದೂ ಸೇರಿ ೨೩೪ ಕಿಲೋಮೀಟರ್. ಜೀಪಿನಿಂದ ಇಳಿದ ಕೂಡಲೇ ಬೆನ್ನಿಗೆ ರವಿಕೆ ಅಂಟಿತು. ಅಂಥ ಸೆಕೆ. ಊರೆಲ್ಲ ಏರು, ಇಳಿಜಾರು. ಒಂದು ರಸ್ತೆಯ ಮನೆಯ ಮಾಡು ಮೇಲಿನ ರಸ್ತೆಯವರ ಕಾಲಿನ ಮಟ್ಟಕ್ಕಿರುತ್ತದೆ. ಹಂಪನಕಟ್ಟೆಯ ಹತ್ತಿರ ಒಂದು ಲಾಡ್ಜಿನಲ್ಲಿ ಎರಡು ಕೋಣೆ ಹಿಡಿದು, ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ದೊಡ್ಡಪ್ಪ "ಒಂದು ಗಳಿಗೆ" ಎಂದು ಮಲಗಿದರು. ಕಾದದ್ದು ಒಂದು ಗಂಟೆ ಐವತ್ತು ನಿಮಿಷ. ಎದ್ದ ಮೇಲೆ ಅಪ್ಪ ಮಗ ಜೀಪಿಗೆ ಸೀಟಿನ ಕವರ್ ನೋಡಲು ಒಂದು ಅಂಗಡಿ ಹೊಕ್ಕರು. ದೊಡ್ಡಮ್ಮ, ನಾನು ಫುಟ್‌ಪಾತಿನಲ್ಲಿ ನಿಂತೆವು. ಎರಡು ಗಂಟೆ. ಕವರ್ ಕೊಳ್ಳಲಿಲ್ಲ. ಬಣ್ಣ ಒಪ್ಪಲಿಲ್ಲವಂತೆ. ಹೊರಗೆ ಬರುವಾಗ ಹೊತ್ತು ಮುಳುಗಿತ್ತು.

"ನಾಳೆ ಹೋಗಾಣ. ಸಮುದ್ರ ಎಲ್ಲಿ ಓಡಿ ಹೋಗ್ತೈತೆ?" ಎಂದರು ದೊಡ್ಡಪ್ಪ.

ಶನಿವಾರ ಬೆಳಿಗ್ಗೆ ನೀರ್ ದೋಸೆ ತಿಂದು ಕದ್ರಿಗೆ ಹೋದೆವು. ದೇವಸ್ಥಾನದ ಮೇಲಿನ ಮೆಟ್ಟಿಲುಗಳನ್ನು ದೊಡ್ಡಮ್ಮ ನನಗಿಂತ ಮೊದಲು ಹತ್ತಿದಳು. ದಿನವೂ ಕುರಿಗಳ ಹಿಂದೆ ಗುಡ್ಡ ಹತ್ತುವ ಕಾಲು. ದೊಡ್ಡಪ್ಪ ಅರ್ಧದಲ್ಲಿ ಕುಳಿತು, "ಇದೇನು ಊರೋ, ಸಪಾಟು ನೆಲ ಅನ್ನೋದೇ ಇಲ್ಲ" ಎಂದು ಊರನ್ನೇ ಬೈದರು. ಅಲ್ಲಿಂದ ಬಾವುಟಗುಡ್ಡೆಗೆ ಬಂದೆವು. ಎತ್ತರದಿಂದ ನೋಡಿದರೆ ಹೆಂಚಿನ ಮಾಡುಗಳು, ತೆಂಗಿನ ತಲೆಗಳು. ಅದರಾಚೆ ಬೂದು ಬಣ್ಣದ ಒಂದು ಗೆರೆ.

"ಅಗೋ ನೋಡು. ಅದೇ ಸಮುದ್ರ. ನೋಡ್ದ್ಯಲ್ಲ?" ಎಂದರು ದೊಡ್ಡಪ್ಪ.

"ಹೂಂ ರೀ" ಎಂದಳು ದೊಡ್ಡಮ್ಮ.

"ಮತ್ತೆ? ಮುಗೀತು. ನಾಳೆ ಬೆಳಿಗ್ಗೆನೇ ಊರಿಗೆ ಬಿಡಾಣ."

ನನಗೆ ಮೈ ಉರಿಯಿತು. "ಅಂಬ್ಲಿಗೊಳದ ಏರಿ ಮೇಲೆ ನಿಂತು ನೀರು ನೋಡ್ಕಂಡು ಬಂದ್ರೆ ಗದ್ದೆಗೆ ನೀರು ಹಾಯ್ಸಿದಂಗಾ ದೊಡ್ಡಪ್ಪ?" ಎಂದೆ. ಮಂಜಣ್ಣ ನಕ್ಕ. ದೊಡ್ಡಪ್ಪ ನಗಲಿಲ್ಲ. "ಓದಿದ ಹುಡುಗೀರ ಬಾಯಿ ಇದು" ಎಂದರು. ಆದರೂ ಮಧ್ಯಾಹ್ನ ಸುಲ್ತಾನ್ ಬತ್ತೇರಿಗೆ ಬಂದರು. ಅಲ್ಲಿ ಹೊಳೆ ದಾಟಿಸುವ ದೋಣಿಯಿದೆ. ಆಚೆ ದಡದಲ್ಲಿ ಹತ್ತು ನಿಮಿಷ ನಡೆದರೆ ತಣ್ಣೀರುಬಾವಿಯ ಕಡಲು. ದೋಣಿ ದಡಕ್ಕೆ ತಾಗಿ ಅಲುಗಾಡಿದ್ದನ್ನು ನೋಡಿ ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ಸರಿದರು.

"ಬ್ಯಾಡ. ಅವಳಿಗೆ ಈಜು ಬರಲ್ಲ."

ಈಜು ಅವರಿಗೂ ಬರುವುದಿಲ್ಲ. "ನಾವಿಬ್ರೇ ಹೋಗಿ ಬರ್ತೀವಿ" ಎಂದೆ. "ಹೆಂಗಸ್ರು ಇಬ್ರೇನಾ? ಏನಾರ ಆದ್ರೆ ಊರಲ್ಲಿ ನನ್ನನ್ನ ಕೇಳ್ತಾರೆ" ಎಂದರು. ದೋಣಿಯಲ್ಲಿ ಶಾಲೆಯ ಮಕ್ಕಳಿದ್ದರು, ಮೀನಿನ ಬುಟ್ಟಿ ಹಿಡಿದ ಮುದುಕಿಯಿದ್ದಳು. ಅವರೆಲ್ಲ ದಾಟಿಹೋದರು. ದೋಣಿ ಮೂರು ಸಲ ಹೋಗಿ ಬರುವವರೆಗೆ ದೊಡ್ಡಮ್ಮ ನೋಡುತ್ತ ನಿಂತಳು. ಇಪ್ಪತ್ತೈದು ನಿಮಿಷ.

ಆ ಸಂಜೆ ಡೈರಿಗೆ ಮೊತ್ತ ಹಾಕಿದೆ. ದೊಡ್ಡಮ್ಮ ಎರಡು ದಿನದಲ್ಲಿ ಕಾದದ್ದು ನಾಲ್ಕು ಗಂಟೆ ಹದಿನೈದು ನಿಮಿಷ. ಅವಳಿಗಾಗಿ ಉಳಿದವರು ಕಾದದ್ದು ಹತ್ತು ನಿಮಿಷ, ಅದೂ ಕುರಿ ಎಣಿಸುವಾಗ. ಮೊತ್ತ ಹಾಕಿ ಕಿಟಕಿಯಿಂದ ಕೆಳಗೆ ನೋಡಿದರೆ ಲಾಡ್ಜಿನ ಎದುರೇ ಸಿಟಿ ಬಸ್ಸುಗಳು ನಿಲ್ಲುತ್ತಿದ್ದವು. ಕಂಡಕ್ಟರು ಬಾಗಿಲಲ್ಲಿ ಜೋತು, ಕಡಲ ಕಡೆಯ ಊರುಗಳ ಹೆಸರು ಕೂಗುತ್ತಿದ್ದ. ನಿನ್ನೆಯೂ ಕೂಗಿದ್ದ. ದೊಡ್ಡಪ್ಪ ಮಲಗಿದ್ದ ಆ ಒಂದು ಗಂಟೆ ಐವತ್ತು ನಿಮಿಷದಲ್ಲಿ ಅವಳ ಕೈ ಹಿಡಿದು ಬಸ್ಸು ಹತ್ತಿಸಿದ್ದರೆ ನೀರಲ್ಲಿ ನಿಲ್ಲಿಸಿ ವಾಪಸು ಕರೆದುಕೊಂಡು ಬರಬಹುದಿತ್ತು. ನಾನು ಹಾಸಿಗೆಯ ಮೇಲೆ ಕುಳಿತು ನಿಮಿಷ ಬರೆಯುತ್ತಿದ್ದೆ. ಅಂದು ದೊಡ್ಡಪ್ಪನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಈ ಸಿಟ್ಟೇ ಹೆಚ್ಚು ಹೊತ್ತು ಉಳಿಯಿತು.

ಭಾನುವಾರ ಬೆಳಿಗ್ಗೆ ಏಳೂವರೆಗೆ ಸಾಮಾನು ಕಟ್ಟಿ ಹೊರಟೆವು. ಹನ್ನೊಂದರೊಳಗೆ ಉಡುಪಿ ಬಿಟ್ಟರೆ ಮಾತ್ರ ದೀಪದ ಹೊತ್ತಿಗೆ ಊರು. ಜೀಪು ಹತ್ತುವ ಮೊದಲೇ ನಾನು ಹೇಳಿಬಿಟ್ಟೆ: "ಇವತ್ತು ದೊಡ್ಡಮ್ಮ ನೀರಿಗಿಳೀದೆ ನಾನು ಈ ಜೀಪಲ್ಲಿ ಘಟ್ಟ ಹತ್ತಲ್ಲ." ಮಂಜಣ್ಣ ಸುರತ್ಕಲ್ ದಾಟಿದ ಮೇಲೆ ಎಡಕ್ಕೆ ಒಂದು ಕಿರುದಾರಿಗೆ ತಿರುಗಿಸಿದ. ತೆಂಗಿನ ಮರಗಳು ಮುಗಿದವು. ಎದುರಿಗೆ ಸಮುದ್ರ.

ದಾರಿ ಮುಗಿದಲ್ಲಿ ಜೀಪು ನಿಲ್ಲಿಸಬೇಕಿತ್ತು. ನಮ್ಮ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಹಿಂದೆ ಸರಿದ ಮೇಲೆ ನೆಲ ಒಣಗಿ ಗಟ್ಟಿಯಾಗುತ್ತದೆ. ನೀರಿನ ಅಂಚಿನವರೆಗೂ ಟ್ರ್ಯಾಕ್ಟರ್ ಹೋಗುತ್ತದೆ, ಅಲ್ಲೇ ಕುರಿ ಮೇಯುತ್ತವೆ. ದೊಡ್ಡಪ್ಪ ಅದೇ ಕಣ್ಣಿನಿಂದ ನೋಡಿದರು. "ನೀರು ಹಿಂದೆ ಹೋಗೈತೆ. ಹಸಿ ನೆಲ ಗಟ್ಟಿ ಇರ್ತದೆ. ಬಿಡು ಮುಂದಕ್ಕೆ." ಮಂಜಣ್ಣ ನೀರಿಗೆ ಹತ್ತು ಮಾರು ಇರುವಾಗ ಜೀಪನ್ನು ದಾರಿಯ ಕಡೆ ತಿರುಗಿಸಿ ನಿಲ್ಲಿಸಿದ. ಆಗ ಎಂಟೂಕಾಲು.

ಅಪ್ಪ ಮಗ ಪಂಚೆ, ಪ್ಯಾಂಟು ಮಡಚಿ ಇಳಿದರು. ದೊಡ್ಡಮ್ಮ ಒಂದು ಕಾಲು ಕೆಳಗಿಟ್ಟಿದ್ದಳು.

"ನೀನು ಬ್ಯಾಗ್ ನೋಡ್ಕಂಡು ಕೂತಿರು. ಬಾಗ್ಲು ಲಾಕ್ ಆಗಲ್ಲ."

"ನಾನು ಕೂತಿರ್ತೀನಿ, ಅವಳು ಬರ್ಲಿ!" ಎಂದೆ.

"ಅವಳಿಗೆ ರೂಢಿ ಐತೆ" ಎಂದರು ದೊಡ್ಡಪ್ಪ. ಏನೂ ದುರುದ್ದೇಶವಿಲ್ಲದೆ, ಹವಾಮಾನ ಹೇಳುವ ಹಾಗೆ ಹೇಳಿದರು. ದೊಡ್ಡಮ್ಮ ಕಾಲು ಒಳಗೆಳೆದುಕೊಂಡು, "ಇರ್ಲಿ ಬಿಡು ಮಗಾ, ಅವರು ಬಂದ ಮ್ಯಾಲೆ ಹೋಗಾಣ" ಎಂದಳು. ನಾನೂ ಅವಳ ಪಕ್ಕದಲ್ಲೇ ಕುಳಿತೆ. ಅಪ್ಪ ಮಗ ನೀರಲ್ಲಿ ಹಾರಿದರು, ಬಿದ್ದರು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಮೂವತ್ತೆಂಟು ನಿಮಿಷ. ಆಮೇಲೆ ತಲೆ ಒರೆಸಿಕೊಳ್ಳುತ್ತ ಬಂದು ದೊಡ್ಡಪ್ಪ ಹೇಳಿದ್ದು ಇಷ್ಟು: "ಒಂಬತ್ತಾತು. ಹೊಂಡಾಣ. ಅಲ್ಲಿ ರುದ್ರಮ್ಮ ಕಾಯ್ತಿರ್ತಾಳೆ."

ನಾನು ಬಾಯಿ ತೆರೆಯುವುದರೊಳಗೆ ಮಂಜಣ್ಣ ಗಾಡಿ ಚಾಲೂ ಮಾಡಿದ. ಚಕ್ರ ಗಿರ್ರೆಂದು ಸುತ್ತಿತು, ಜೀಪು ಕುಸಿಯಿತು. ಹತ್ತು ಮಾರು ದೂರವಿದ್ದ ನೀರು ಯಾವಾಗಲೋ ಹತ್ತಿರ ಬಂದಿತ್ತು. ಮುಂದಿನ ತೆರೆ ಹಿಂದಿನ ಚಕ್ರವನ್ನು ಸುತ್ತಿ ಹೋಯಿತು.

"ಇಳೀರಿ, ಇಳೀರಿ! ತಳ್ರಿ!" ಎಂದು ಮಂಜಣ್ಣ ಸ್ಟೀರಿಂಗ್ ಹಿಡಿದೇ ಕೂಗಿದ.

ನಾವು ಮೂವರೂ ಇಳಿದೆವು. ದೊಡ್ಡಮ್ಮನ ಪಾದ ನೀರಿಗೆ ಬಿತ್ತು. ಅವಳು ಜೀಪಿನ ಹಿಂದಕ್ಕೆ ಬಂದಳು, ನಾವು ಕೈ ಇಟ್ಟಿದ್ದ ಕಡೆ ಒಮ್ಮೆ ನೋಡಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನಮ್ಮನ್ನು ದಾಟಿ ನೇರ ಸಮುದ್ರದ ಕಡೆ ನಡೆದಳು.

"ಲೇ, ಎತ್ಲಾಗ್ ಹೊಂಟೆ? ತಳ್ಳು ಅಂದ್ರೆ!"

"ಗಾಡಿ ನೀವು ನೋಡ್ಕಳ್ರಿ" ಎಂದಳು, ತಿರುಗದೆ. "ಇಷ್ಟೊತ್ತು ನಾನು ನೋಡ್ಕಂಡೀನಿ."

ಮೊಣಕಾಲು ಮಟ ಹೋಗಿ ನಿಂತಳು. ತೆರೆ ಬಂತು. ಕುರಿ ನುಗ್ಗಿ ಬಂದಾಗ ತಡೆಯುವವಳ ಹಾಗೆ ಎರಡೂ ಕೈ ಅಗಲಿಸಿ, "ತಡೀರಿ, ತಡೀರಿ, ಒಂದೊಂದೇ ಬರ್ರಿ!" ಎಂದಳು. ತೆರೆ ಅವಳನ್ನು ಸೊಂಟದವರೆಗೆ ತೋಯಿಸಿತು. ನಾನು ಜೀಪಿನಿಂದ ಕೈ ತೆಗೆದು ಅವಳ ಹತ್ತಿರ ಓಡಿದೆ.

ದಡದಲ್ಲಿದ್ದ ಮೀನುಗಾರರು ನೋಡಿ ಹಗ್ಗ ತಂದರು. ಅವರಲ್ಲಿ ಹಿರಿಯನೊಬ್ಬ ಚಕ್ರ ನೋಡಿ, "ಎಂಥ ಮಾರಾಯ್ರೆ, ಉಬ್ಬರದ ಹೊತ್ತಿಗೆ ಗಾಡಿ ಇಲ್ಲಿ ಕಟ್ಟಿ ಹಾಕಿದ್ದು? ಇದು ನಿಮ್ಮ ಕೆರೆ ಅಂತ ಮಾಡಿದ್ರಾ?" ಎಂದ. ದೊಡ್ಡಪ್ಪ ಬಗ್ಗಿ ಹಗ್ಗದ ತುದಿ ಹಿಡಿದರು. ಆರು ಜನ ಸೇರಿ ಎಳೆದು ಜೀಪನ್ನು ಗಟ್ಟಿ ನೆಲಕ್ಕೆ ತರುವಷ್ಟರಲ್ಲಿ ದೊಡ್ಡಮ್ಮ ನೀರಲ್ಲಿ ನಿಂತು ನಲವತ್ತೊಂದು ನಿಮಿಷವಾಗಿತ್ತು. ನಾನು ಹೇಳಿದಾಗ, "ನಮ್ಮ ಕುರಿ ಲೆಕ್ಕ ನೋಡು!" ಎಂದು ನಕ್ಕಳು.

ಜೀಪು ಘಟ್ಟ ಹತ್ತಿತು. ದೊಡ್ಡಮ್ಮನ ಸೀರೆ ಮೈಮೇಲೆಯೇ ಒಣಗಿತು. ಅಂಚಿನಲ್ಲಿ ಬಿಳಿ ಗೆರೆ ಮೂಡಿತು. ಊರು ಮುಟ್ಟಿದಾಗ ಆರೂಕಾಲು, ದೀಪ ಇನ್ನೂ ಹಚ್ಚಿರಲಿಲ್ಲ. ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತು ರುದ್ರಮ್ಮನಿಗೆ ಹೇಳುತ್ತಿದ್ದರು: "ತೋರ್ಸ್ಕಂಡು ಬಂದೆ ಕಣವ್ವ. ಬಾವುಟಗುಡ್ಡೆ, ಕದ್ರಿ, ಸಮುದ್ರ, ಎಲ್ಲಾ ತೋರ್ಸ್ಕಂಡು ಬಂದೆ."

ದೊಡ್ಡಮ್ಮ ಎಣಿಸಲು ದೊಡ್ಡಿಯೊಳಗೆ ಹೋದಳು. ನಾನು ಬೇಲಿಯ ಹತ್ತಿರ ನಿಂತೆ. ಮೊದಲು ಒಂದು ಮರಿ ಬಂದು ಅವಳ ಸೀರೆಯ ಅಂಚು ಮೂಸಿ, ನೆಕ್ಕಿತು. ಆಮೇಲೆ ಅದರ ತಾಯಿ ಬಂತು. ಆಮೇಲೆ ಒಂದನ್ನೊಂದು ನೂಕಿಕೊಂಡು ಎಲ್ಲವೂ ಬಂದು ಅವಳ ಮೊಣಕಾಲಿಗೆ ಮೂತಿ ಒತ್ತಿ ಉಪ್ಪು ನೆಕ್ಕತೊಡಗಿದವು. ಎಣಿಸಲು ಆಗಲೇ ಇಲ್ಲ. ಅವಳು ಎರಡೂ ಕೈ ಅಗಲಿಸಿ ನಡುವೆ ನಿಂತಿದ್ದಳು.

"ತಡೀರಿ, ತಡೀರಿ, ಒಂದೊಂದೇ ಬರ್ರಿ" ಎನ್ನುತ್ತಿದ್ದಳು.