ಗ್ರಾಫ್ ಹಾಳೆಯ ಕೊಂಬಿನವಳು

ನಮ್ಮ ಸಭೆಯ ಮಕ್ಕಳು ಯಾವ ಅನಿಮೆ ನೋಡಬಹುದು, ಯಾವುದು ಬೇಡ ಎಂದು ತೀರ್ಮಾನಿಸುವ ಕೆಲಸ ನನ್ನ ತಲೆಗೆ ಬಂದದ್ದು ನಾನು ಟೀಚರು ಎಂಬ ಒಂದೇ ಕಾರಣಕ್ಕೆ. ಅನಿಮೆ ಎಂದರೆ ಜಪಾನಿನವರ ಕಾರ್ಟೂನು ಎನ್ನುವುದಕ್ಕಿಂತ ಹೆಚ್ಚೇನೂ ನನಗೆ ಗೊತ್ತಿರಲಿಲ್ಲ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲೊಂದರ ಹಿಂದಿನ ಶೀಟಿನ ಹಾಲ್‌ನಲ್ಲಿ ಸೇರುವ ಸಣ್ಣ ಕ್ರೈಸ್ತ ಸಭೆ ನಮ್ಮದು. ಭಾನುವಾರ ಆರಾಧನೆ ಮುಗಿದದ್ದೇ ತಾಯಂದಿರು ಮೊಬೈಲು ಹಿಡಿದು ನನ್ನ ಸುತ್ತ ನಿಲ್ಲುತ್ತಿದ್ದರು.

"ಟೀಚರ್, ಇದೊಂದು ನೋಡ್ರಿ. ಇದ್ರಾಗೆ ದೆವ್ವ ಐತೆ ಅನ್ಸುತ್ತೆ. ನಮ್ಮ ಹುಡುಗ್ರಿಗೆ ಇದಿಲ್ದಿದ್ರೆ ಊಟಾನೇ ಸೇರಲ್ಲ."

ನಾನು ಐದು ನಿಮಿಷ ನೋಡುತ್ತಿದ್ದೆ. ಕೊಂಬು, ಕೋರೆಹಲ್ಲು, ಮಾಟ ಮಂತ್ರ ಕಂಡರೆ ಬೇಡ. ಕಾಣದಿದ್ದರೆ ಇರಲಿ. ಮಾತು ಜಪಾನಿನದು, ಕೆಳಗಿನ ಇಂಗ್ಲಿಷು ನಾನು ಓದಿ ಮುಗಿಸುವಷ್ಟರಲ್ಲಿ ಮಾಯ. ಆದರೂ ತೀರ್ಪು ಮಾತ್ರ ಠಣ್ ಎಂದು ಹೊರಬೀಳುತ್ತಿತ್ತು. ಅದರಿಂದ ನನಗೊಂದು ಗತ್ತೂ ಬಂದಿತ್ತು. ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ನಾನು ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ. ಯೇಸುವಿನ ವಿಶ್ವಾಸಕ್ಕೆ ಬಂದದ್ದು ಮದುವೆಯಾದ ಮೇಲೆ. ಬಂದ ವಾರವೇ ಗೋಡೆಯ ಮೇಲಿನ ದೇವರ ಪಟಗಳನ್ನೆಲ್ಲ ಇಳಿಸಿದವಳು ನಾನು. ಚಿತ್ರ ನೋಡಿದರೆ ಸಾಕು, ಅದರೊಳಗೆ ಏನಿದೆ ಎಂದು ತಿಳಿಯುತ್ತದೆ ಎಂದು ಅಂದಿನಿಂದ ನಂಬಿದ್ದೆ.

ನನ್ನ ಅಪ್ಪ ಸೀರೆಯ ಅಂಚು, ಸೆರಗಿಗೆ ಡಿಸೈನು ಬರೆಯುವವರು. ಗ್ರಾಫ್ ಹಾಳೆಯ ಚೌಕ ಚೌಕಕ್ಕೂ ಬಣ್ಣ ತುಂಬಿ, ಮಗ್ಗಕ್ಕೆ ಅದನ್ನು ಒಪ್ಪಿಸುವ ಕೆಲಸ. ಕೈ ನಡುಗಲು ಶುರುವಾದ ಮೇಲೆ ಬಿಟ್ಟಿದ್ದರು. ಎಂಟನೇ ಕ್ಲಾಸಿನಲ್ಲಿದ್ದ ನನ್ನ ಮಗಳು ರಜೆಗೆ ಅಲ್ಲಿಗೆ ಹೋದಾಗ ಅವಳಿಗೊಂದು ಗ್ರಾಫ್ ಪುಸ್ತಕ ಕೊಟ್ಟು, ಮೊದಲ ನಾಲ್ಕು ಹಾಳೆಗಳಲ್ಲಿ ಆ ನಡುಗುವ ಕೈಯಲ್ಲೇ ಗಿಳಿ, ಮಾವಿನಕಾಯಿ ಬರೆದುಕೊಟ್ಟರಂತೆ. ಉಳಿದ ಹಾಳೆಗಳನ್ನು ಅವಳು ತುಂಬಬೇಕು.

ಅವಳು ತುಂಬಿದ್ದು ತಾನು ನೋಡುತ್ತಿದ್ದ ಅನಿಮೆಯ ಒಬ್ಬ ಕೊಂಬಿನ ಹೆಂಗಸನ್ನು. ಮುಚ್ಚಿಡಲಿಲ್ಲ. ಅಡುಗೆಮನೆಗೆ ತಾನೇ ತಂದು ತೋರಿಸಿದಳು.

"ಅವ್ವ, ನೋಡಿಲ್ಲಿ. ತಾತನ ಮಾವಿನಕಾಯಿ ಬಗ್ಗುತ್ತಲ್ಲ, ಹಂಗೇ ಬಗ್ಗೈತೆ ಕೊಂಬು. ನೀನೂ ಕೂತ್ಕೊಂಡು ನೋಡು, ಹನ್ನೆರಡೇ ಭಾಗ."

ನಾನು ಕೂರಲಿಲ್ಲ. ಊರ ಮಕ್ಕಳಿಗೆಲ್ಲ ಬೇಡ ಎಂದವಳ ಮನೆಯಲ್ಲೇ ಕೊಂಬು! ನನಗಾದದ್ದು ದೇವರ ಭಯವಲ್ಲ, ಜನರ ಭಯ. ಅದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳು ಹಿಡಿದವು.

ನಮ್ಮಲ್ಲಿ ಸಾಕ್ಷಿ ಹೇಳುವ ಪದ್ಧತಿಯಿದೆ. ದೇವರು ತನ್ನನ್ನು ಯಾವುದರಿಂದ ಬಿಡಿಸಿದನೆಂದು ಎದ್ದು ನಿಂತು ಹೇಳಬೇಕು. ಆ ವಸ್ತುವನ್ನು ತಂದು ಮುಂದಿನ ಮೇಜಿನ ಮೇಲಿಟ್ಟರೆ ಮತ್ತೆ ಮನೆಗೆ ಒಯ್ಯುವಂತಿಲ್ಲ. ಬೀಡಿ ಕಟ್ಟು, ತಾಯಿತ, ಇಸ್ಪೀಟೆಲೆ ಎಲ್ಲ ಆ ಮೇಜು ಕಂಡಿದೆ. ಯಾರೂ ನನ್ನನ್ನು ಕೇಳಿರಲಿಲ್ಲ, ಪಾಸ್ಟರೂ ಕೇಳಿರಲಿಲ್ಲ. ಆ ಭಾನುವಾರ ನಾನೇ ಎದ್ದೆ. ಪುಸ್ತಕ ಎತ್ತಿ ಹಿಡಿದು, "ಸೈತಾನ ನನ್ನ ಮನೆಗೇ ಬಂದಿದ್ದ" ಎಂದೆ. ಸಭೆ "ಸ್ತೋತ್ರ" ಎಂದಿತು. ಅಷ್ಟು ಜೋರಾದ ಸ್ತೋತ್ರ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ನಾಲ್ಕು ಮಾತು ಹೆಚ್ಚೇ ಆಡಿದೆ.

ಮೇಜಿನ ಕಡೆ ಹೋಗುವಾಗ ಚಾಪೆಯ ತುದಿಯಲ್ಲಿ ಕೂತಿದ್ದ ಮಗಳು ನನ್ನ ಸೆರಗು ಹಿಡಿದಳು. "ಅವ್ವ, ಮೊದಲ್ನೇ ನಾಕು ಹಾಳೆ ತಾತಂದು."

"ಸುಮ್ನೆ ಕೂತ್ಕ" ಎಂದೆ.

ಆರಾಧನೆ ಮುಗಿದ ಮೇಲೆ ಹಾಲ್‌ನ ಹಿಂದೆ ಶೇಂಗಾ ಸಿಪ್ಪೆಯ ಬೆಂಕಿಗೆ ಅದನ್ನು ಹಾಕಿದರು. ಮಗಳು ಅಳಲಿಲ್ಲ. ನಾನು ಅದನ್ನು ಪ್ರಾರ್ಥನೆಯ ಫಲ ಎಂದುಕೊಂಡೆ.

ಮುಂದಿನ ರಜೆಯಲ್ಲಿ ಮೊಳಕಾಲ್ಮೂರಿಗೆ ಹೋದೆವು. ಅಪ್ಪ ಕನ್ನಡಕ ಒರೆಸಿಕೊಂಡು ಕೂತರು. "ಪುಸ್ತಕ ತಗಂಡು ಬಾರಮ್ಮ. ಎಷ್ಟು ತುಂಬೀಯ ನೋಡಾನ."

ಮಗಳು ನನ್ನ ಕಡೆ ತಿರುಗಿಯೂ ನೋಡದೆ, "ಬಸ್ಸಿನಾಗೆ ಬಿಟ್‌ಬಿಟ್ಟೆ ತಾತ" ಎಂದಳು. ಅಪ್ಪ ಕನ್ನಡಕ ತೆಗೆದಿಟ್ಟು, "ಹೋಗ್ಲಿ ಬಿಡು" ಎಂದರು. ಅವಳು ಬೈಗುಳ ತಿನ್ನಲು ಸಿದ್ಧಳಾಗಿ ನಿಂತಿದ್ದಳು, ನನಗಾಗಿ. ನಾನು ಚಹಾ ಕುಡಿದೆ. ಅಪ್ಪ ಮತ್ತೆ ಡಿಸೈನು ಬರೆಯಲಿಲ್ಲ.

ಆಮೇಲೊಂದು ದಿನ ಸಭೆಯ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದಳು. ಜ್ವರ ಬಂದ ಮಗಳ ಜೊತೆ ಮಲಗಿ ಅದೇ ಕತೆಯನ್ನು ಕೊನೆಯವರೆಗೆ ನೋಡಿದ್ದಳಂತೆ. "ಟೀಚರ್, ಆ ಕೊಂಬಿನಾಕಿ ದೆವ್ವ ಅಲ್ರೀ, ತಾಯಿ. ಮಗಳಿಗೆ ತಗಲೋ ಶಾಪ ತಾನು ತಗಂಡಿರ್ತಾಳೆ. ನಾನು ಅತ್ತೇಬಿಟ್ಟೆ."

ಹನ್ನೆರಡು ಭಾಗವನ್ನೂ ನಿಲ್ಲಿಸಿ ನಿಲ್ಲಿಸಿ ಓದಿಕೊಂಡು ನೋಡಿದೆ. ಕೆಲವು ಕಡೆ ರಕ್ತ ಜಾಸ್ತಿ, ಸಣ್ಣವರಿಗೆ ನಾನು ಈಗಲೂ ಬೇಡವೆನ್ನುತ್ತೇನೆ. ಆದರೆ ನನ್ನ ಮಗಳ ವಯಸ್ಸಿಗೆ ಅದರಲ್ಲಿ ಬೇಡವೆನ್ನುವಂಥದ್ದು ಏನೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದರೆ ಅದು ಆವತ್ತೇ ತಿಳಿಯುತ್ತಿತ್ತು. ಸಂಜೆ ಅವಳಿಗೆ, "ಆ ಕತೆ ಪೂರ್ತಿ ನೋಡ್ದೆ ಕಣೆ, ನಂದೇ ತಪ್ಪು" ಎಂದೆ.

"ಹೌದಾ? ನಾನು ಅವನ್ನೆಲ್ಲ ಬಿಟ್ಟು ಬಾಳ ದಿನ ಆತು ಅವ್ವ" ಎಂದಳು. ಬಸ್ಸಿನಲ್ಲಿ ಬಿಟ್ಟೆ ಎಂದು ತಾತನಿಗೆ ಹೇಳಿದ್ದಳಲ್ಲ, ಅದೇ ದನಿ.

ಈಗಲೂ ಅಪ್ಪ ಅಮ್ಮಂದಿರು ಮೊಬೈಲು ಹಿಡಿದು ಬರುತ್ತಾರೆ. ಐದು ನಿಮಿಷದ ತೀರ್ಪು ನಿಲ್ಲಿಸಿದ್ದೇನೆ. ಮಕ್ಕಳ ಪಕ್ಕ ಕೂತು ಕೊನೆವರೆಗೂ ನೋಡಿ, ಏನು ಹಿಡಿಸಿತು ಎಂದು ಕೇಳಿ, ಆಮೇಲೆ ಬೇಕು ಬೇಡ ಹೇಳಿ ಎನ್ನುತ್ತೇನೆ. ಹೋದ ಭಾನುವಾರ ಹೊಸದಾಗಿ ಬಂದ ತಾಯಿಯೊಬ್ಬಳು ಕೇಳಿದಳು, "ನಿಮ್ಮ ಮಗಳು ಏನ್ ನೋಡ್ತಾಳ್ರಿ ಟೀಚರ್?"

ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಚಾಪೆ ಸುತ್ತುತ್ತಿದ್ದ ಮಗಳು ತಲೆಯೆತ್ತಿ ನಕ್ಕು, "ಪ್ರಾರ್ಥನೆ ಹಾಡು ಆಂಟಿ, ಅಷ್ಟೇ" ಎಂದಳು.

ಸುತ್ತ ಇದ್ದವರು "ಸ್ತೋತ್ರ" ಎಂದರು. ನಾನೂ ಎಂದೆ.