ಗೋಡೆಯಲ್ಲಿ ಮೊಳೆಯಿಲ್ಲದ ಕೋಣೆ

ಮೊಬೈಲಿನಲ್ಲಿದ್ದ ಆ ಕೋಣೆಯನ್ನು ಹನುಮಮ್ಮ ಮೂರು ಸಲ ನೋಡಿದಳು. ಮಂಚ, ಮೇಜು, ಬಿಳಿ ಪರದೆ, ಕಿಟಕಿಯಲ್ಲೊಂದು ಹೂಕುಂಡ.

"ಹೆಂಗೈತವ್ವ?" ಮಗಳು ಸಂಗೀತ ಕೇಳಿದಳು.

"ಮೊಳೆ ಎಲ್ಲೈತಿ?"

"ಯಾವ ಮೊಳೆ?"

"ಗೋಡೆಗೆ. ಮನುಷ್ಯರು ಇದ್ದ ಕೋಣೆ ಅಂದ್ರ ಅಂಗಿ ನೇತುಹಾಕಾಕ ಒಂದು ಮೊಳೆನಾದ್ರೂ ಇರ್ತತಿ. ಇಲ್ಲಿ ಯಾರೂ ಇದ್ದೇ ಇಲ್ಲ."

ಮಗ ಮಾಳೇಶ ನಕ್ಕುಬಿಟ್ಟ. "ಅವ್ವ, ಅವರ ಮನ್ಯಾಗ ಬೀರು ಇರ್ತಾವ. ಮೊಳೆ ಹೊಡಿಯೋರು ನಾವೇ."

"ಬೆಳ್ಳಗಿರೋದೆಲ್ಲ ಹಾಲಲ್ಲಪ್ಪ," ಎಂದು ಹನುಮಮ್ಮ ಮೊಬೈಲನ್ನು ಮಗಳ ಕೈಗೆ ಹಿಂದಿರುಗಿಸಿದಳು.

ಸಂಗೀತ ಶಿವಮೊಗ್ಗದಲ್ಲಿ ಪಶುವೈದ್ಯ ಓದುತ್ತಿದ್ದಳು. ಅಲ್ಲಿಯ ಒಬ್ಬರು ಇಲ್ಲಿಗೆ, ಇಲ್ಲಿಯ ಒಬ್ಬರು ಅಲ್ಲಿಗೆ ಎಂಬಂತೆ ಅದಲುಬದಲಾಗಿ ಓದುವ ಒಂದು ವ್ಯವಸ್ಥೆಯಲ್ಲಿ ಅವಳಿಗೆ ಆರು ತಿಂಗಳು ಪೋಲೆಂಡಿನ ಲುಬ್ಲಿನ್ ಎಂಬ ಊರಿನಲ್ಲಿ ಸೀಟು ಸಿಕ್ಕಿತ್ತು. ಫೀಸು ಕೊಡಬೇಕಿಲ್ಲ, ಇರಲು ಜಾಗ ಮಾತ್ರ ತಾವೇ ಹುಡುಕಿಕೊಳ್ಳಬೇಕು. ಹಾಸ್ಟೆಲಿನ ಪಟ್ಟಿಯಲ್ಲಿ ಅವಳ ಹೆಸರು ಬಂದಿರಲಿಲ್ಲ. ಸೋಮವಾರದೊಳಗೆ ವೀಸಾ ಕಾಗದಗಳ ಜೊತೆ ಇಳಿದುಕೊಳ್ಳುವ ವಿಳಾಸ ಕೊಡಬೇಕು, ಕೊಡದಿದ್ದರೆ ಹೋಗುವ ಮಾತೇ ಇಲ್ಲ. ಅಂದು ಗುರುವಾರ.

ಕೈಗೆಟುಕುವಂಥ ಕೋಣೆಗಳು ಎರಡೇ ಉಳಿದಿದ್ದವು. ಮೊಳೆಯಿಲ್ಲದ ಕೋಣೆ ತೋಮಾಸ್ ಎಂಬಾತನದು. ಕಾಲೇಜಿಗೆ ನಡೆದೇ ಹೋಗಬಹುದು, ಬಾಡಿಗೆ ಕಡಿಮೆ. ಆತ ಮಾತುಮಾತಿಗೂ ಕೈಮುಗಿಯುವ ಚಿತ್ರ ಕಳಿಸುತ್ತಿದ್ದ. ಎರಡು ತಿಂಗಳ ಮುಂಗಡ ಇವತ್ತೇ ಹಾಕಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದಂತೆ. ಇನ್ನೊಂದು ಹಾಲಿನಾ ಎಂಬ ಮುದುಕಿಯದು. ಊರಾಚೆ, ಎರಡು ಬಸ್ಸು ಬದಲಿಸಬೇಕು, ಬಾಡಿಗೆಯೂ ಒಂದಿಷ್ಟು ಹೆಚ್ಚು. ಆಕೆ ಮುಂಗಡದ ಮಾತೆತ್ತದೆ ಹನ್ನೆರಡು ಪ್ರಶ್ನೆ ಕಳಿಸಿದ್ದಳು. ಎಣ್ಣೆಯಲ್ಲಿ ಕರಿಯುತ್ತೀಯಾ? ಹತ್ತು ಗಂಟೆಯ ಮೇಲೆ ಮನೆಗೆ ಬರುತ್ತೀಯಾ? ಬೆಕ್ಕು ಕಂಡರೆ ಆಗುತ್ತದಾ? ನಿನ್ನ ಬಟ್ಟೆ ನೀನೇ ಒಗೆಯುತ್ತೀಯೋ ಅಮ್ಮ ಒಗೆಯುತ್ತಾಳೋ?

"ತನ್ನ ಮನೀಗೆ ಸೊಸೆ ಹುಡುಕ್ತಾಳೇನು ಈಕಿ?" ಎಂದ ಮಾಳೇಶ. "ತೋಮಾಸಂದೇ ಮುಗಿಸಿಬಿಡಾಣ."

ಹನುಮಮ್ಮ ಒಪ್ಪಲಿಲ್ಲ. ಓದು ಬರಹ ಅವಳಿಗೆ ಬಾರದು. ಆದರೆ ತನ್ನದಲ್ಲದ ನೆಲದಲ್ಲಿ ಇಳಿದುಕೊಳ್ಳುವ ವಿದ್ಯೆಯಲ್ಲಿ ಅವಳದು ನಲವತ್ತು ವರ್ಷದ ಅನುಭವ. ಭತ್ತದ ಕೊಯ್ಲು ಮುಗಿದೊಡನೆ ಶಿಕಾರಿಪುರದ ಕಡೆಯಿಂದ ಕುರಿ ಹೊಡೆದುಕೊಂಡು ಸೊರಬದ ಗದ್ದೆಬಯಲಿಗೆ ಹೋಗುವುದು, ಒಬ್ಬೊಬ್ಬರ ಗದ್ದೆಯಲ್ಲಿ ಎರಡೆರಡು ರಾತ್ರಿ ಮಂದೆ ನಿಲ್ಲಿಸುವುದು, ಗೊಬ್ಬರ ಅವರಿಗೆ, ಕಾಳುಕಡಿ ತಮಗೆ. ಯಾರ ನೆಲ ಎಂಥದ್ದು ಎಂದು ತಿಳಿಯದೆ ಕಂಬಳಿ ಹಾಸುವಂತಿರಲಿಲ್ಲ.

ಒಂದೇ ಒಂದು ಸಲ ಮೋಸಹೋಗಿದ್ದರು. ಮದುವೆಯಾದ ಮೂರನೆಯ ವರ್ಷ, ಸೊರಬದ ಹತ್ತಿರ, ಬಿಳಿ ಪಂಚೆಯವನೊಬ್ಬ ದಾರಿಯಲ್ಲೇ ಅಡ್ಡ ನಿಂತು, "ಬನ್ನಿ ಮಾರಾಯ್ರೇ, ನಮ್ಮ ಗದ್ದೆ ಖಾಲಿ ಇದೆ, ಎಷ್ಟು ದಿನ ಬೇಕಾದ್ರೂ ಇರಿ" ಎಂದು ಕರೆದಿದ್ದ. ಆ ಉಪಕಾರಕ್ಕೆ ಒಂದು ಮರಿ ಕೇಳಿದ. ಗಂಡ ಲೋಕಪ್ಪ ಒಳ್ಳೆಯ ಟಗರುಮರಿಯನ್ನೇ ಕೊಟ್ಟ. ಬೆಳಗಾದರೆ ಗದ್ದೆಯ ನಿಜವಾದ ಯಜಮಾನ ನಾಲ್ಕು ಜನರನ್ನು ಕಟ್ಟಿಕೊಂಡು ಎದುರಿಗೆ ನಿಂತಿದ್ದಾನೆ! ಉದ್ದು ಬಿತ್ತಿದ್ದ ಗದ್ದೆಯಂತೆ. ಪಂಚೆಯವನು ಯಾರೆಂದು ಆ ಊರಿಗೇ ಗೊತ್ತಿರಲಿಲ್ಲ.

"ಹೊಲ ಇದ್ದೋನು ನಿನ್ನ ಕುರಿಗೆ ರೋಗ ಐತೇನು, ನಾಯಿ ಕಚ್ಚತೇನು ಅಂತ ಕೇಳ್ತಾನ," ಹನುಮಮ್ಮ ಮಕ್ಕಳಿಗೆ ಹೇಳಿದಳು. "ಹೊಲ ಇಲ್ದೋನು ಯಾವಾಗ ಬರ್ತಿ ಅಂತ ಅಷ್ಟೇ ಕೇಳ್ತಾನ. ನಿಮ್ಮಪ್ಪನ್ನ ಕೇಳು ಬೇಕಾದ್ರ."

ಜಗಲಿಯ ಮೇಲೆ ಉಣ್ಣೆ ಹಿಂಜುತ್ತಿದ್ದ ಲೋಕಪ್ಪ ತಲೆ ಎತ್ತದೆ ಹೇಳಿದ: "ಮೂವತ್ತೇಳು ವರ್ಷ ಆತು. ಆ ಮರಿ ಬದುಕಿದ್ರೂ ಇಷ್ಟೊತ್ತಿಗೆ ಸಾಯ್ತಿತ್ತು. ಬಿಡು ಇನ್ನ."

"ಬಿಡಾಕಿಲ್ಲ. ಸಂಗೀತಾ, ಬದುವಿನಾಚೆಯವರನ್ನ ಕೇಳು."

"ಅವ್ವ, ಅದು ಪೋಲೆಂಡು. ಅಲ್ಲಿ ಬದು ಎಲ್ಲಿಂದ ತರ್ಲಿ?"

"ಮನಿ ಅಂದಮ್ಯಾಲ ಪಕ್ಕಕ್ಕ ಯಾರಾದ್ರೂ ಇರ್ತಾರ."

ಸಂಗೀತ ಗೊಣಗುತ್ತಲೇ ಮೊಬೈಲಿನ ನಕ್ಷೆಯಲ್ಲಿ ತೋಮಾಸ್ ಕೊಟ್ಟಿದ್ದ ವಿಳಾಸ ತೆಗೆದು ನೋಡಿದಳು. ಅದೇ ಕಟ್ಟಡದ ಕೆಳಗೆ ಒಂದು ಹೂವಿನ ಅಂಗಡಿ. ಅವರಿಗೊಂದು ಸಂದೇಶ ಹಾಕಿದಳು: ನಿಮ್ಮ ಮೇಲೆ ಮೂರನೆಯ ಮಹಡಿಯಲ್ಲಿ ತೋಮಾಸ್ ಎಂಬವರ ಮನೆ ಇದೆಯೇ? ಅತ್ತ ತೋಮಾಸ್ ಸಂಜೆಯವರೆಗೆ ಐದು ಸಲ ನೆನಪಿಸಿದ. ಇನ್ನೊಬ್ಬಳು ಹುಡುಗಿ ಕಾಯುತ್ತಿದ್ದಾಳೆ, ಕೋಣೆ ಹೋಗಿಬಿಡುತ್ತದೆ. ಮಾಳೇಶ ಅವ್ವನ ಮೇಲೆ ಸಿಡುಕಿ ಊಟಕ್ಕೂ ಕೂರಲಿಲ್ಲ. ನಿಜವಾಗಿಯೂ ಕೋಣೆ ಹೋಗಿಬಿಟ್ಟರೆ ಮಗಳ ಮುಖ ಹೇಗೆ ನೋಡುವುದೆಂದು ಹನುಮಮ್ಮನಿಗೂ ಅನ್ನ ಇಳಿಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಹೂವಿನಂಗಡಿಯ ಉತ್ತರ ಬಂತು. ಈ ಕಟ್ಟಡಕ್ಕೆ ಇರುವುದೇ ಎರಡು ಮಹಡಿ. ಹೀಗೆ ಕೇಳಿದವರಲ್ಲಿ ನೀವು ನಾಲ್ಕನೆಯವರು. ಮೊದಲಿನ ಮೂವರು ದುಡ್ಡು ಕಟ್ಟಿದ ಮೇಲೆ ಕೇಳಿದ್ದರು.

ಮಾಳೇಶ ಅದನ್ನು ಎರಡು ಸಲ ಓದಿ ಎದ್ದು ಕುರಿಗಳಿಗೆ ನೀರಿಡಲು ಹೋದ.

ಅದೇ ಸಂಜೆ ಹಾಲಿನಾಗೆ ವಿಡಿಯೋ ಕರೆ ಮಾಡಿದರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಹೆಂಗಸು, ಕನ್ನಡಕ ಮೂಗಿನ ತುದಿಗಿತ್ತು. ನಮಸ್ಕಾರಕ್ಕೆ ಮೊದಲೇ ಹೇಳಿದಳು: ಫೋಟೋಗಳನ್ನು ನಾನು ನಂಬುವುದಿಲ್ಲ, ನಿಮ್ಮ ಮನೆ ತೋರಿಸಿ. ಸಂಗೀತ ಅದನ್ನು ಕನ್ನಡಕ್ಕೆ ತಂದಾಗ ಹನುಮಮ್ಮನಿಗೆ ಖುಷಿಯೇ ಆಯಿತು. ತಾನೇ ಮುಂದೆ ನಡೆದು ಜಗಲಿ, ಒಲೆ, ನೀರಿನ ಹಂಡೆ, ಕುರಿಹಟ್ಟಿ ಎಲ್ಲ ತೋರಿಸಿದಳು. "ಈಗ ಆಕೀದು ತೋರಿಸು ಅನ್ನು."

ಬಾಗಿಲ ಹಿಂದೆ ಒಂದು ಕೊಕ್ಕೆ, ಅದಕ್ಕೊಂದು ಹಳೆಯ ಕೋಟು. ಗೋಡೆಯಲ್ಲಿ ಸಣ್ಣ ಬಿರುಕು. ನಲ್ಲಿ ಸೋರುತ್ತದೆ ಎಂದು ಹಾಲಿನಾ ತಾನೇ ಹೇಳಿ ಕೆಳಗಿಟ್ಟ ಬಕೆಟ್ಟನ್ನೂ ತೋರಿಸಿದಳು.

"ಇದು ಮನಿ," ಎಂದಳು ಹನುಮಮ್ಮ.

ಆದರೆ ಮುದುಕಿಯ ಅನುಮಾನ ಇನ್ನೂ ತೀರಿರಲಿಲ್ಲ. ಹೋದ ವರ್ಷದ ಹುಡುಗಿ ಕಪಾಟಿನ ಬಾಗಿಲು ಮುರಿದು ಹೇಳದೆ ಕೇಳದೆ ಹೋಗಿದ್ದಳಂತೆ. ಅದಕ್ಕೇ ಈ ಸಲ ಸಾಕ್ಷಿ ಬೇಕು. ಕಾಲೇಜಿನವರದು ಬೇಡ, ಅವರು ಎಲ್ಲರ ಬಗ್ಗೆಯೂ ಒಳ್ಳೆಯದನ್ನೇ ಬರೆಯುತ್ತಾರೆ. ಪಕ್ಕದ ಮನೆಯವರನ್ನು ಕರೆಯಿರಿ ಎಂದಳು.

ಹನುಮಮ್ಮನ ಮುಖ ಕಪ್ಪಿಟ್ಟಿತು. ಪಕ್ಕದ ಮನೆ ಎಂದರೆ ಹೂವಮ್ಮ. ದಸರೆಯ ಹೊತ್ತಿಗೆ ಇವರ ಕುರಿಗಳು ಅವಳ ಅವರೆ ಚಪ್ಪರ ಕೆಡವಿ ಬಳ್ಳಿ ತಿಂದಾಗಿನಿಂದ ಎರಡು ಮನೆಗೂ ಮಾತಿರಲಿಲ್ಲ. ಆದರೂ ಗೋಡೆಯ ಹತ್ತಿರ ಹೋಗಿ ನಿಂತಳು.

"ಹೂವಕ್ಕಾ…"

"ಯಾರು ಕರೆದದ್ದು? ಮತ್ತ ಕುರಿ ಒಳಗ ಬಂದಾವೇನು?"

"ಇಲ್ಲ. ಮಗಳ ಕೆಲಸ ಐತಿ. ಒಂಚೂರು ಬಾ."

ಹೂವಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದವಳು ಮೊಬೈಲಿನೊಳಗಿನ ಮುಖವನ್ನು ಗದ್ದದಿಂದ ನೆತ್ತಿಯವರೆಗೆ ನೋಡಿದಳು. "ಈಕಿ ಓಟಿಪಿ ಕೇಳಂಗಿಲ್ಲ ಹೌದಿಲ್ಲೋ? ಹಂಗಾರ ಸರಿ. ಹೇಳ್ತೀನಿ ಸಂಗೀತಾ, ನೀನು ಮುಚ್ಚಿಡದಂಗ ಆಕೀಗೆ ತಿಳಿಸ್ಬೇಕು. ಇವರ ಕುರಿ ನನ್ನ ಅವರೆ ತಿಂದಾವ. ಇವರವ್ವ ತಪ್ಪಾತು ಅನ್ನಲಿಲ್ಲ, ಬಾಯಿ ಜೋರು. ಇವರಪ್ಪ ಬಾಯೇ ಬಿಡಂಗಿಲ್ಲ."

ಸಂಗೀತ ತಡವರಿಸಿದಳು. "ಎಲ್ಲಾನೂ ಹೇಳು," ಎಂದು ಹನುಮಮ್ಮನೇ ಗದರಿದಳು. ಹುಡುಗಿ ಒಂದೊಂದೇ ಮಾತನ್ನು ಇಂಗ್ಲಿಷಿಗೆ ಇಳಿಸಿದಳು. ಅತ್ತ ಕನ್ನಡಕ ಮೇಲೇರಿತು.

"ಈ ಹುಡುಗಿ ಮಾತ್ರ ಮರುದಿನ ಬೆಳಿಗ್ಗೆ ಯಾರಿಗೂ ಹೇಳದಂಗ ಬಂದು ಚಪ್ಪರ ಕಟ್ಟಿಕೊಟ್ಟು ಹೋದಳು," ಎಂದಳು ಹೂವಮ್ಮ. "ಮುರಿದದ್ದು ಕಂಡ್ರ ಸುಮ್ಮನಿರೋ ಪೈಕಿ ಅಲ್ಲ."

ಅದು ಹನುಮಮ್ಮನಿಗೂ ಗೊತ್ತಿರಲಿಲ್ಲ. ಮಗಳ ಕಡೆ ತಿರುಗಿದಳು. ಸಂಗೀತ ತಲೆ ತಗ್ಗಿಸಿ ಆ ಮಾತನ್ನು ಹೇಳಿಯೂ ಹೇಳದಂತೆ ಇಂಗ್ಲಿಷಿನಲ್ಲಿ ಮುಗಿಸಿದಳು. ಹಾಲಿನಾ, ನಾಳೆ ಕರಾರು ಪತ್ರ ಕಳಿಸುತ್ತೇನೆ, ಮುಂಗಡವನ್ನು ನೀನು ಇಲ್ಲಿಗೆ ಬಂದ ಮೇಲೆ ಕೊಟ್ಟರೆ ಸಾಕು, ಬರುವಾಗ ದಪ್ಪ ಸ್ವೆಟರು ತಾ ಎಂದಳು.

ಶನಿವಾರ ಪತ್ರ ಬಂತು. ಹನುಮಮ್ಮ ಹೇಳಿದ್ದಕ್ಕೆ ಸಂಗೀತ ಆ ಓಣಿಯ ಔಷಧಿ ಅಂಗಡಿಯನ್ನೂ ವಿಚಾರಿಸಿದಳು. ಹೌದು, ಹಾಲಿನಾ ಅಲ್ಲೇ ಇರುವವಳು, ಚಿಲ್ಲರೆಗಾಗಿ ಜಗಳವಾಡುತ್ತಾಳೆ ಎಂದರು. ಹನುಮಮ್ಮನಿಗೆ ಸಮಾಧಾನವಾಯಿತು.

ಸಮಾಧಾನವಾಗದಿದ್ದದ್ದು ಹೂವಮ್ಮನ ವಿಷಯದಲ್ಲಿ. ಸಂಜೆ ಆಕೆ ಒಂದು ಮೊರದ ತುಂಬ ಅವರೆಕಾಯಿ ತಂದಿಟ್ಟು ಹೋಗಿದ್ದಳು. ಮೂರು ತಿಂಗಳು ಮುಖ ತಿರುಗಿಸಿದವಳು ಪುಕ್ಕಟೆ ಸಾಕ್ಷಿಯನ್ನೂ ಹೇಳಿ ಕಾಯನ್ನೂ ಕೊಡುತ್ತಾಳೆ ಎಂದರೆ ಏನರ್ಥ? ಹನುಮಮ್ಮ ಆ ಮೊರವನ್ನು ಮುಟ್ಟಲಿಲ್ಲ. ಭಾನುವಾರವೆಲ್ಲ ಅದು ಜಗಲಿಯಲ್ಲೇ ಕುಳಿತಿತ್ತು.

ಸೋಮವಾರ ಸಂಗೀತ ಕಾಗದಗಳನ್ನು ಎದೆಗವಚಿಕೊಂಡು ಬಸ್ಸು ಹತ್ತಿ ಹೋದ ಮೇಲೆ ಗೋಡೆಯಾಚೆಯಿಂದ ಕೆಮ್ಮು ಕೇಳಿಸಿತು.

"ಹನುಮಕ್ಕಾ, ನಿಮ್ಮ ಮಂದಿ ಇನ್ನೂ ಸೊರಬಕ್ಕ ಹೊಂಟಿಲ್ಲಲ್ಲ? ನನ್ನ ಹಿತ್ತಲಿಗೆ ಎರಡು ರಾತ್ರಿ ಕುರಿ ನಿಲ್ಲಿಸ್ತೀಯೇನು? ಗೊಬ್ಬರ ಇಲ್ದ ನೆಲ ಸತ್ತೋಗೈತಿ."

ಮೊರದ ಕಾಯಿ ಯಾತಕ್ಕೆ ಬಂದದ್ದೆಂದು ತಿಳಿದು ಹನುಮಮ್ಮನಿಗೆ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. "ನನ್ನ ಕುರಿ ನಿನ್ನ ಹಿತ್ತಲಿಗೆ ಬರಬೌದೇನು ಈಗ?"

"ಬಳ್ಳಿ ಇನ್ನೇನು ಮುಗೀತು. ತಿನ್ನಾಕ ಏನೂ ಉಳಿದಿಲ್ಲ."

"ಎರಡಲ್ಲ, ಮೂರು ರಾತ್ರಿ ನಿಲ್ಲಿಸ್ತೀನಿ," ಎಂದು ಹನುಮಮ್ಮ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಅವರೆ ಸುಲಿಯಲು ಕುಳಿತಳು.