ಗೇಟ್‌ಕೀಪರ್ ಹೇಳಿದ ಹಿಂದಿ ಕತೆ

ಹಿಂದೂಪುರದ ನಮ್ಮ ಟಾಕೀಸಿನಲ್ಲಿ ಹಿಂದಿ ಚಿತ್ರಗಳ ಅಧಿಕೃತ ಭಾಷ್ಯಕಾರರೆಂದರೆ ಹೆಂಗಸರ ಕಡೆಯ ಗೇಟ್‌ಕೀಪರ್. ಮುಂಬಯಿಯ ಮಗ್ಗಗಳಲ್ಲಿ ದುಡಿದು ಹಿಂದಿ ಕಲಿತಿದ್ದರು. ಟಿಕೆಟ್ ಹರಿದಾದ ಮೇಲೆ ಟಾರ್ಚನ್ನು ಗದೆಯಂತೆ ಹೆಗಲಿಗಿಟ್ಟು, ಅಡ್ಡಗೋಡೆಯ ಈಚೆ ಗಂಡಸರ ಕಡೆ ಕೂತ ನಮಗೂ ಕೇಳುವಂತೆ ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅವರ ಹೆಂಡತಿ ಬೇರೊಬ್ಬನೊಂದಿಗೆ ಕಲ್ಯಾಣದುರ್ಗದಲ್ಲಿ ಸಂಸಾರ ಹೂಡಿದ್ದು ಊರಿಗೆಲ್ಲ ಗೊತ್ತಿತ್ತು. ಅವರು ಮಾತ್ರ, ಕೇಳಿದವರಿಗೂ ಕೇಳದವರಿಗೂ, "ತವರಿಗೆ ಹೋಗವ್ಳೆ, ಬತ್ತಾಳೆ" ಎನ್ನುತ್ತಿದ್ದರು.

ಆ ವಾರದ ಚಿತ್ರದಲ್ಲಿ ಎರಡು ದಾಂಪತ್ಯಗಳಿದ್ದವು, ಸುಖ ಒಂದರಲ್ಲೂ ಇರಲಿಲ್ಲ. ಕೊನೆಗೆ ನಾಯಕಿ ಪೆಟ್ಟಿಗೆ ಹಿಡಿದು ಗಂಡನ ಗೆಳೆಯನ ಕಾರು ಹತ್ತಿ ಅವನನ್ನು ತಬ್ಬಿಕೊಂಡಳು.

"ಎಲ್ಲಿಗೆ ಹೊಂಟ್ಳಣ್ಣೋ?" ಎಂದಳು ಮುಂದಿನ ಬೆಂಚಿನ ಹೆಂಗಸೊಬ್ಬಳು.

"ತವರಿಗೆ ಕಣಮ್ಮ. ಬತ್ತಾಳೆ."

"ಅಬ್ಬೋ! ಅವನ್ನ ತಬ್ಕೊಂಡು ತವರಿಗೋಯ್ತಾಳಾ? ಚಾಲ್ಲೇ ಅಣ್ಣೋ, ಸಾಕು ನಿನ್ ಹಿಂದಿ!"

ಬೆಂಚುಗಳೆಲ್ಲ ನಕ್ಕವು. ಭಾಷ್ಯ ಅಲ್ಲಿಗೇ ನಿಂತಿತು. ಕಾರು ಹೋದದ್ದು ಹೋಯಿತು, ಚಿತ್ರವೂ ಮುಗಿಯಿತು.

ಅಮ್ಮನನ್ನು ಕರೆದೊಯ್ಯಲು ನಾನು ಆ ಕಡೆಗೆ ಹೋದಾಗ ಅವರು ಗೇಟು ಬಿಟ್ಟು ಒಳಗೆ ನಿಂತು, ಬರಿದಾದ ಪರದೆಯನ್ನೇ ನೋಡುತ್ತಿದ್ದರು. ನನ್ನನ್ನು ಕಂಡು, ನಾನೇನೋ ಕೇಳಿದೆನೆಂಬಂತೆ ಮೆಲ್ಲಗೆ ಹೇಳಿದರು:

"ಸಿನಿಮಾ ಮೂರೇ ಗಂಟೆ ಕಣಪ್ಪ. ಆಮೇಲೆ ಬಂದಿರ್ತಾಳೆ."